ಕಣ್ಣಳತೆ ಸಲ್ಲದ ಎಣ್ಣೆ

ನಮ್ಮ ಅಡುಗೆಮನೆಗಳಲ್ಲಿ ಅಳತೆಗೆ ಅಷ್ಟೇನೂ ಮರ್ಯಾದೆ ಇಲ್ಲ. ಹುಳಿಗೆ ಉಪ್ಪೆಷ್ಟು ಎಂದು ಕೇಳಿದರೆ ಅಮ್ಮ "ರುಚಿಗೆ ತಕ್ಕಷ್ಟು" ಅನ್ನುತ್ತಿದ್ದಳು. ಇನ್ನೂ ಕಾಡಿದರೆ ಒಂದು ಹಿಡಿ ತೆಗೆದು ಅಂಗೈಯಲ್ಲಿ ತೋರಿಸಿ, ಅದರಲ್ಲಿ ಒಂದಿಷ್ಟು ಮತ್ತೆ ಭರಣಿಗೇ ಹಾಕುತ್ತಿದ್ದಳು. ಅದನ್ನು ನಾವು ಕೈಗುಣ ಎಂದು ಹೊಗಳಿಕೊಂಡು ಬಂದವರು. ಹಾಗಾಗಿ ಒಂಟಾರಿಯೊದ ನನ್ನ ಮನೆಗೆ ಗಾಂಜಾ ಎಣ್ಣೆ ಮಾಡುವುದನ್ನು ಕಲಿಯಲು ಬರುವ ಕನ್ನಡದವರ ಕೈಗೆ ನಾನು ಮೊದಲು ಕೊಡುವುದು ಸೌಟಲ್ಲ, ತಕ್ಕಡಿ. ಅಕ್ಕಸಾಲಿಗರ ಅಂಗಡಿಯಲ್ಲಿ ಇರುವಂಥ, ಗ್ರಾಮಿನ ನೂರನೇ ಒಂದು ಭಾಗವನ್ನೂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ಅಡುಗೆಯಲ್ಲಿ ಮೂವತ್ತು ವರ್ಷ ಪಳಗಿದವರಿಗೇ ಈ ಪಾಠ ಕಷ್ಟವಾಗುತ್ತದೆ. ಅನ್ನ ಮಾಡಲೂ ಲೋಟದಲ್ಲಿ ಅಳೆಯುವ ಹುಡುಗರು ಬೇಗ ಕಲಿತುಬಿಡುತ್ತಾರೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು ಗಾಂಜಾ ಕೊಳ್ಳುವುದು, ಬಳಸುವುದು ಕಾನೂನುಬದ್ಧ. ನಮ್ಮ ಒಂಟಾರಿಯೊದಲ್ಲಿ 19 ತುಂಬಿರಬೇಕು. ಪಕ್ಕದ ಕ್ವಿಬೆಕ್‌ನಲ್ಲಿ 21. ಮನೆಯಲ್ಲಿ ತಿನಿಸು ಮಾಡಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಆದರೆ ಸ್ಪಿರಿಟ್, ಬ್ಯೂಟೇನ್‌ನಂಥ ದ್ರಾವಕ ಬಳಸಿ ಸತ್ವ ತೆಗೆಯುವಂತಿಲ್ಲ. ಆ ಕೆಲಸಕ್ಕೆ ಕೈಹಾಕಿದರೆ ಕಾನೂನಿಗಿಂತ ಮೊದಲು ಬೆಂಕಿ ಹಿಡಿಯುತ್ತದೆ. ಅಂಗಡಿಯಲ್ಲಿ ಸಿದ್ಧ ತಿನಿಸು ಸಿಗಲು ಶುರುವಾದದ್ದು ಒಂದು ವರ್ಷ ಕಳೆದ ಮೇಲೆ, ಅದೂ ಒಂದು ಪೊಟ್ಟಣಕ್ಕೆ ಅಮಲಿನ ಸತ್ವವಾದ ಟಿಎಚ್‌ಸಿ 10 ಮಿಲಿಗ್ರಾಂ ಮೀರಬಾರದು ಎಂಬ ಕಟ್ಟಳೆಯೊಂದಿಗೆ. ಈ ಹತ್ತು ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮಾಡಿದ್ದನ್ನು ಒಂದು ಹನಿಯೂ ದೇಶದ ಗಡಿ ದಾಟಿಸಬೇಡಿ. ಅಮೆರಿಕದಲ್ಲಿ ಅದು ಕಾನೂನುಬದ್ಧವಾಗಿರುವ ರಾಜ್ಯಕ್ಕೆ ಹೊರಟಿದ್ದರೂ ಸರಿ, ಗಡಿಯಲ್ಲಿ ಅದು ಅಪರಾಧವೇ.

ಊರಿನಲ್ಲಿ ಕೂತು ಓದುತ್ತಿರುವವರಿಗೆ ಬೇರೆಯೇ ಮಾತು. ಭಾರತದ ಮಾದಕವಸ್ತು ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆಯ ಲೆಕ್ಕದಲ್ಲಿ ಗಿಡದ ಹೂತೆನೆ ಗಾಂಜಾ, ಅಂಟು ಚರಸ್. ಎರಡೂ ನಿಷಿದ್ಧ. ಹೂತೆನೆ ಸೇರದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗೆ ಉಳಿದಿವೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಾಂಗ್ ಪ್ರಕರಣವೊಂದರಲ್ಲಿ ಜಾಮೀನು ಕೊಡುವಾಗ ಎತ್ತಿ ಹೇಳಿದ್ದು ಇದನ್ನೇ. ಹಾಗೆಂದು ಎಲೆಯ ವಿಷಯದಲ್ಲಿ ರಾಜ್ಯ ರಾಜ್ಯಕ್ಕೂ ಕಟ್ಟಳೆ ಬೇರೆ, ಧೈರ್ಯ ಮಾಡಲು ಹೋಗಬೇಡಿ. ಬೀಜದ ಕಥೆ ಪೂರ್ತಿ ಬೇರೆ. ಉತ್ತರಾಖಂಡದ ಬೆಟ್ಟದ ಮನೆಗಳಲ್ಲಿ ಭಾಂಗಿನ ಬೀಜ ಹುರಿದು ಚಟ್ನಿ ಅರೆಯುತ್ತಾರೆ. ಅದರಲ್ಲಿ ಅಮಲು ಇಲ್ಲ. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಬೀಜ, ಅದರ ಹಿಟ್ಟು, ಅದರ ಎಣ್ಣೆಗಳನ್ನು ಆಹಾರವೆಂದೇ ಒಪ್ಪಿದೆ. ಹೆಂಪ್ ಸೀಡ್ ಆಯಿಲ್ ಎಂದು ಬೆಂಗಳೂರಿನ ಅಂಗಡಿಗಳಲ್ಲೂ ಸಿಗುವುದು ಅದೇ. ನಾನು ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ ಅಲ್ಲ, ಹೂವಿನ ಎಣ್ಣೆಯ ಬಗ್ಗೆ. ಅದು ಕೆನಡಾದ ಮಾತು.

ಈಗ ಒಲೆಯ ಹತ್ತಿರ ಬರೋಣ.

ಹಸಿ ಹೂವನ್ನು ಹಾಗೇ ಅಗಿದು ತಿಂದರೆ ಕಹಿಯಾಗುತ್ತದೆಯೇ ಹೊರತು ತಲೆ ತಿರುಗುವುದಿಲ್ಲ. ಗಿಡದಲ್ಲಿ ಇರುವುದು ಟಿಎಚ್‌ಸಿಎ ಎಂಬ ಆಮ್ಲ. ಬಿಸಿ ತಾಗಿದಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗಿ, ಉಳಿದದ್ದು ಟಿಎಚ್‌ಸಿ ಆಗುತ್ತದೆ. ಅಮಲು ಬರಿಸುವುದು ಇದು. ಸೇದುವವರಿಗೆ ಬೆಂಕಿಯೇ ಈ ಕೆಲಸ ಮಾಡಿಕೊಡುತ್ತದೆ, ತಿನ್ನುವವರು ತಾವೇ ಹುರಿದುಕೊಳ್ಳಬೇಕು. ಎರಡನೆಯದು, ಟಿಎಚ್‌ಸಿ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಇಂಗನ್ನು ನೀರಿಗೆ ಹಾಕುವುದಕ್ಕೂ ಬಿಸಿ ತುಪ್ಪಕ್ಕೆ ಹಾಕುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆ. ಹದವಾಗಿ ಬಿಸಿಮಾಡುವುದು, ಜಿಡ್ಡಿಗೆ ಇಳಿಸುವುದು. ಪಾಕಶಾಸ್ತ್ರ ಇಷ್ಟೇ.

ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆ ಬಿಡಿಸಿದ್ದು 1964ರಲ್ಲಿ, ಇಸ್ರೇಲಿನ ರಾಫಾಯೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೋನಿ. ಆದರೆ ನಮ್ಮ ಆಯುರ್ವೇದದವರು ವಿಜಯಾ ಎಂದು ಕರೆದ ಇದೇ ಸೊಪ್ಪನ್ನು ಮದ್ದಿಗೆ ಬಳಸುವ ಮುಂಚೆ ತೊಳೆದು, ಒಣಗಿಸಿ, ಹಸುವಿನ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯುತ್ತಿದ್ದರು. ರಸಾಯನದ ಹೆಸರು ಗೊತ್ತಿಲ್ಲದೆಯೇ ಬಿಸಿ, ಜಿಡ್ಡು ಎರಡನ್ನೂ ಹಿಡಿದಿದ್ದರು. ರಾಮರಸ ಎಂಬ ಭಾಂಗಿನ ಪಾನೀಯಕ್ಕೆ ಕೆನೆಹಾಲು, ಬಾದಾಮಿ ಬೀಳುವುದೂ ಬರೀ ರುಚಿಗಲ್ಲ. ಪಶ್ಚಿಮದಲ್ಲಿ ಈ ಅಡುಗೆಗೆ ಹೆಸರು ತಂದದ್ದು 1954ರ ಆಲಿಸ್ ಬಿ. ಟೋಕ್ಲಾಸ್ ಅವರ ಪಾಕಪುಸ್ತಕ. ಅದರ ಪ್ರಸಿದ್ಧ 'ಹಶೀಶ್ ಫಡ್ಜ್' ಅವರದೂ ಅಲ್ಲ, ಸ್ನೇಹಿತ ಬ್ರಯನ್ ಗೈಸಿನ್ ಬರೆದುಕೊಟ್ಟದ್ದು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಡ್ಸ್ ರೋಗಿಗಳಿಗೆ ಗಾಂಜಾ ಬ್ರೌನಿ ಬೇಯಿಸಿ ಹಂಚಿ, ಅದಕ್ಕಾಗಿ ಪೊಲೀಸರ ಕೈಗೂ ಸಿಕ್ಕ ಮೇರಿ ಜೇನ್ ರಾಥ್‌ಬನ್ ಎಂಬ ಅಜ್ಜಿ ಇದ್ದರು. ಜನ ಅವರನ್ನು ಬ್ರೌನಿ ಮೇರಿ ಎಂದೇ ಕರೆದರು.

ಇನ್ನು ಲೆಕ್ಕ. ಇಲ್ಲಿ ಅವಸರ ಬೇಡ, ಪೆನ್ನು ಕಾಗದ ಹಿಡಿಯಿರಿ.

ಕೆನಡಾದ ಅಂಗಡಿಯ ಡಬ್ಬಿಯ ಮೇಲೆ ಎರಡು ಸಂಖ್ಯೆಗಳಿರಬಹುದು. ಒಂದು 'ಟಿಎಚ್‌ಸಿ', ಇನ್ನೊಂದು 'ಟೋಟಲ್ ಟಿಎಚ್‌ಸಿ'. ಮೊದಲನೆಯದು ಈಗ, ಬಿಸಿ ಮಾಡುವ ಮುಂಚೆ, ಇರುವುದು. ಅದು ಗ್ರಾಮಿಗೆ 4 ಮಿಲಿಗ್ರಾಂನಂತೆ ಬಡಪಾಯಿ ಸಂಖ್ಯೆ. ಎರಡನೆಯದು ಬಿಸಿ ಮಾಡಿದ ಮೇಲೆ ಆಗಬಹುದಾದದ್ದು, ಗ್ರಾಮಿಗೆ 200 ಎಂದಿರಬಹುದು. ನನ್ನ ಬಳಿ ಬಂದ ಸಾಫ್ಟ್‌ವೇರ್ ಹುಡುಗನೊಬ್ಬ ಮೊದಲ ಸಂಖ್ಯೆ ಹಿಡಿದು ಅಚ್ಚುಕಟ್ಟಾಗಿ ಸ್ಪ್ರೆಡ್‌ಶೀಟ್ ಮಾಡಿಕೊಂಡು ಬಂದಿದ್ದ. ಎಲ್ಲ ಸೂತ್ರವೂ ಸರಿ, ಉತ್ತರ ಮಾತ್ರ ಐವತ್ತು ಪಟ್ಟು ತಪ್ಪು. ನೀವು ಹಿಡಿಯಬೇಕಾದದ್ದು ಯಾವಾಗಲೂ ಟೋಟಲ್ ಸಂಖ್ಯೆ.

ಎಲ್ಲರ ಬಾಯಲ್ಲೂ ಓಡಾಡುವ ಅಳತೆ ಎಂದರೆ ಒಂದು ಕಪ್ ಎಣ್ಣೆಗೆ 7 ಗ್ರಾಂ ಹೂವು. ಲೆಕ್ಕ ಹಾಕಿ. 7 ಗ್ರಾಂ, ಗ್ರಾಮಿಗೆ 200, ಅಂದರೆ 1400 ಮಿಲಿಗ್ರಾಂ. ಅದು 250 ಮಿಲಿಲೀಟರ್ ಎಣ್ಣೆಗೆ ಇಳಿದರೆ ಮಿಲಿಲೀಟರಿಗೆ 5.6. ಟೀ ಚಮಚ ಎಂದರೆ 5 ಮಿಲಿಲೀಟರ್, ಆದ್ದರಿಂದ ಚಮಚಕ್ಕೆ 28 ಮಿಲಿಗ್ರಾಂ. ಅಂಗಡಿಯ ಒಂದು ಪೊಟ್ಟಣದ ಮಿತಿ ಎಷ್ಟೆಂದು ಹೇಳಿದ್ದೆ? ಹತ್ತು. ಹೊಸಬರು ಎರಡೂವರೆ ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಲ್ಲಿ ಶುರುಮಾಡಿ ಎನ್ನುತ್ತದೆ ಕೆನಡಾದ ಆರೋಗ್ಯ ಇಲಾಖೆ. ಬಿಸಿ ಅನ್ನಕ್ಕೆ ನಾವು ಯೋಚನೆಯೇ ಇಲ್ಲದೆ ಸುರಿದುಕೊಳ್ಳುವ ಒಂದು ಚಮಚದಲ್ಲಿ ಹೊಸಬರ ಪಾಲಿನ ಹನ್ನೊಂದು ಪಟ್ಟು ಕೂತಿದೆ.

ನಾನು ಕಲಿಸುವುದು 250 ಮಿಲಿಲೀಟರ್ ಎಣ್ಣೆಗೆ ಒಂದೇ ಒಂದು ಗ್ರಾಂ. ಇನ್ನೂರನ್ನು ಇನ್ನೂರೈವತ್ತರಿಂದ ಭಾಗಿಸಿದರೆ 0.8. ಚಮಚಕ್ಕೆ 4 ಮಿಲಿಗ್ರಾಂ, ಅರ್ಧ ಚಮಚಕ್ಕೆ 2. ಹುರಿಯುವಾಗ, ಸೋಸುವಾಗ ಒಂದಿಷ್ಟು ನಷ್ಟವಾಗುವುದು ನಿಜ. ಎಷ್ಟೆಂದು ಮನೆಯಲ್ಲಿ ತಿಳಿಯುವ ದಾರಿ ಇಲ್ಲ, ಹಾಗಾಗಿ ನಷ್ಟವೇ ಆಗಿಲ್ಲ ಎಂದುಕೊಂಡು ತಿನ್ನಿ. "ಇಷ್ಟು ತೆಳು ಮಾಡಿದರೆ ದುಡ್ಡು ದಂಡ ಅಲ್ಲವಾ ಅಕ್ಕಾ" ಎಂದು ಕೇಳುವವರಿದ್ದಾರೆ. ಒಂದು ಗ್ರಾಂಗೆ ಎಷ್ಟು ದುಡ್ಡು ದಂಡವಾದೀತು?

ಓವನ್ನು ಮುಂಚೆಯೇ ಕಾಯಿಸಿಡಿ. 115 ಡಿಗ್ರಿ ಸೆಲ್ಸಿಯಸ್ ಬೇಕು. ಗುಂಡಿ ತೋರಿಸುವ ಡಿಗ್ರಿಯನ್ನು ನಂಬಬೇಡಿ. ಒಳಗೆ ನೇತುಹಾಕುವ ಅಗ್ಗದ ಥರ್ಮಾಮೀಟರ್ ತಂದುಕೊಳ್ಳಿ. ನನ್ನ ಓವನ್ ಹದಿನೈದು ಡಿಗ್ರಿ ಸುಳ್ಳು ಹೇಳುತ್ತದೆ. ಹೂವನ್ನು ಬೆರಳಲ್ಲಿ ಮುರಿದು, ರವೆಗಿಂತ ದಪ್ಪಗೆ ಉದುರಿಸಿ. ಮಿಕ್ಸಿಗೆ ಹಾಕಬೇಡಿ. ನುಣ್ಣಗಾದ ಪುಡಿ ಬಟ್ಟೆಯಿಂದ ನುಸುಳಿ ಎಣ್ಣೆಗೆ ಹುಲ್ಲಿನ ವಾಸನೆ ಕೊಡುತ್ತದೆ. ಬೇಕಿಂಗ್ ಕಾಗದದ ಮೇಲೆ ಹರಡಿ, ಮೇಲೆ ಫಾಯಿಲ್ ಮುಚ್ಚಿ 40 ನಿಮಿಷ ಇಡಿ. ಹೊರತೆಗೆದಾಗ ಹಸಿರು ಹೋಗಿ ಒಣಹುಲ್ಲಿನ ಕಂದು ಬಂದಿರಬೇಕು, ಬಾಣಲೆಯಲ್ಲಿ ಬಾಡಿಸಿದ ಕರಿಬೇವಿನಂತೆ ಮುಟ್ಟಿದರೆ ಪುಡಿಯಾಗಬೇಕು. ಕಪ್ಪಾದರೆ ಸೀದಿದೆ. ವಾಸನೆ? ಬರುತ್ತದೆ. ಅಪಾರ್ಟ್‌ಮೆಂಟಿನಲ್ಲಿದ್ದರೆ ಪಕ್ಕದ ಮನೆಯವರಿಗೂ ಬರುತ್ತದೆ. ಬೆಳ್ಳುಳ್ಳಿ ಒಗ್ಗರಣೆಗೇ ಮೂಗು ಮುಚ್ಚಿಕೊಳ್ಳುವ ನೆರೆಯವರಿದ್ದರೆ ಕಿಟಕಿ ತೆಗೆದು, ಫ್ಯಾನ್ ಹಾಕಿಕೊಂಡು ಮಾಡಿ.

ಎಣ್ಣೆ ಯಾವುದು? ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದಂತೆ. ಇಲ್ಲಿ ಇಂಗು ಬೇಡ, ತೆಂಗು ಸಾಕು. ಕೊಬ್ಬರಿ ಎಣ್ಣೆ ಬಿಸಿ ತಡೆಯುತ್ತದೆ, ಬೇಗ ಕಮಟು ವಾಸನೆ ಹಿಡಿಯುವುದಿಲ್ಲ. ತುಪ್ಪವೂ ಒಳ್ಳೆಯದೇ. ಬೆಣ್ಣೆಯಲ್ಲಿ ಮಾತ್ರ ನೀರಿನ ಅಂಶ ಇರುತ್ತದೆ, ಅದನ್ನು ಕಾಯಿಸಿ ತುಪ್ಪ ಮಾಡಿಕೊಂಡೇ ಬಳಸಿ.

ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಸ್ಟೀಲ್ ಬಟ್ಟಲಲ್ಲಿ ಎಣ್ಣೆ, ಎಣ್ಣೆಯಲ್ಲಿ ಹುರಿದ ಹೂವು. ನೇರ ಉರಿಯ ಮೇಲೆ ಯಾಕೆ ಇಡಬಾರದೆಂದರೆ, ಎಣ್ಣೆ ನೂರು ಡಿಗ್ರಿ ದಾಟಿ ಏರಿದರೂ ಸುಮ್ಮನೆ ಇರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ನೀರು ನೂರು ಡಿಗ್ರಿಯಲ್ಲಿ ಕುದ್ದು ಕೂಗಿ ಹೇಳುತ್ತದೆ, ಅದರೊಳಗಿನ ಬಟ್ಟಲೂ ಆ ಮಿತಿ ದಾಟುವುದಿಲ್ಲ. ಸಣ್ಣ ಉರಿಯಲ್ಲಿ ಎರಡು ಗಂಟೆ, ಆಗಾಗ ಕೈಯಾಡಿಸುತ್ತಾ. ನೀರು ಇಂಗಿದರೆ ಹೊರಪಾತ್ರೆಗೆ ಬಿಸಿನೀರು ಸೇರಿಸಿ, ಒಂದು ಹನಿಯೂ ಎಣ್ಣೆಗೆ ಸಿಡಿಯಬಾರದು. ಇಳಿಸಿ, ಬೆಚ್ಚಗಿರುವಾಗಲೇ ಮಲ್ ಬಟ್ಟೆಯಲ್ಲಿ ಸೋಸಿ. ಕಾಯಿಹಾಲು ಹಿಂಡುವ ಅಭ್ಯಾಸದಲ್ಲಿ ಬಟ್ಟೆಯನ್ನು ತಿರುಚಬೇಡಿ. ತಾನಾಗಿ ತೊಟ್ಟಿಕ್ಕಲಿ. ಹಿಂಡಿದರೆ ಬರುವ ಕೊನೆಯ ಎರಡು ಚಮಚದಲ್ಲಿ ಹಸಿರು, ಕಹಿ ಎರಡೂ ಹೆಚ್ಚು.

ಶೇಖರಣೆಯ ವಿಷಯದಲ್ಲಿ ನನಗೆ ಹಟ ಇದೆ. 1985ರಲ್ಲಿ ಇದೇ ದೇಶದ ವ್ಯಾಂಕೂವರ್‌ನಲ್ಲಿ ಒಂದು ಹೋಟೆಲಿನಲ್ಲಿ ತಿಂದ 36 ಮಂದಿ ಬಾಟ್ಯುಲಿಸಂ ಬಂದು ಮಲಗಿದರು. ಕಾರಣ ಎಣ್ಣೆಯಲ್ಲಿ ಮುಳುಗಿಸಿ, ತಣ್ಣಗಿಡದೆ ಬಿಟ್ಟಿದ್ದ ಬೆಳ್ಳುಳ್ಳಿ. ಗಾಳಿ ಇಲ್ಲದ, ಹುಳಿ ಇಲ್ಲದ, ತೇವ ಇರುವ ಜಾಗ ಈ ರೋಗದ ವಿಷ ಉಗುಳುವ ಬ್ಯಾಕ್ಟೀರಿಯಾಕ್ಕೆ ತವರು. ಎಣ್ಣೆಯಲ್ಲಿ ಯಾವ ಸೊಪ್ಪನ್ನೇ ಬಿಟ್ಟರೂ ಈ ಅಪಾಯ ಇದ್ದದ್ದೇ, ಮೂಸಿ ನೋಡಿದರೂ ತಿಳಿಯುವುದಿಲ್ಲ. ಚೆನ್ನಾಗಿ ಸೋಸಿ, ಒಣಗಿದ ಬಾಟಲಿಗೆ ಹಾಕಿ, ಫ್ರಿಜ್‌ನಲ್ಲಿ ಒಂದು ವಾರ. ಇನ್ನೂ ಇಡಬೇಕೆಂದರೆ ಫ್ರೀಜರ್.

ಯಾವ ಬಾಟಲಿ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ನಮ್ಮ ಫ್ರಿಜ್‌ಗಳನ್ನು ತೆಗೆದು ನೋಡಿ. ಮೊಸರಿನ ಡಬ್ಬಿಯಲ್ಲಿ ಸಾರು, ಐಸ್‌ಕ್ರೀಮ್ ಡಬ್ಬಿಯಲ್ಲಿ ದೋಸೆ ಹಿಟ್ಟು, ಜಾಮ್ ಬಾಟಲಿಯಲ್ಲಿ ಹುಣಸೆ ಗೊಜ್ಜು. ಡಬ್ಬಿಯ ಮೇಲಿನ ಹೆಸರಿಗೂ ಒಳಗಿನ ವಸ್ತುವಿಗೂ ಸಂಬಂಧ ಇಲ್ಲದಿರುವುದೇ ನಮ್ಮ ಮನೆಗಳ ನಿಯಮ. 2019ರ ಬೇಸಿಗೆಯಲ್ಲಿ ನಾನೂ ಹಾಗೇ, ತೊಳೆದಿಟ್ಟ ತುಪ್ಪದ ಬಾಟಲಿಯಲ್ಲೇ ಗಾಂಜಾ ತುಪ್ಪ ಹಾಕಿಟ್ಟಿದ್ದೆ. ಆಗ ನಾನೂ ಏಳು ಗ್ರಾಮಿನವಳೇ. ಮೈಸೂರಿನಿಂದ ಬಂದಿದ್ದ ಮಾವನವರು ರಾತ್ರಿ ಎಂಟೂವರೆಗೆ ತಾವೇ ಫ್ರಿಜ್ ತೆಗೆದು ಬಿಸಿ ಅನ್ನ, ತೊವ್ವೆಗೆ ಧಾರಾಳವಾಗಿ ಒಂದು ಚಮಚ ಹಾಕಿಕೊಂಡರು. ನಾನು ಮಹಡಿಯ ಮೇಲೆ ಬಟ್ಟೆ ಮಡಿಸುತ್ತಿದ್ದೆ. ಹತ್ತು ಗಂಟೆಯವರೆಗೆ ಏನೂ ಇಲ್ಲ, ವಾರ್ತೆ ನೋಡಿದರು. ಆಮೇಲೆ ಕರೆದು ಕೇಳಿದರು, "ಅಲ್ಲಮ್ಮಾ, ಈ ಗಡಿಯಾರ ನಿಂತಿದೆಯಾ?" ಗಡಿಯಾರ ನಡೆಯುತ್ತಲೇ ಇತ್ತು. ಅವರ ಬಾಯಿ ಒಣಗಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಮಗನ ಕೈ ಬಿಡಲೊಲ್ಲರು. ತಟ್ಟೆಯ ವಾಸನೆ ನೋಡಿದಾಗ ನನಗೆ ಅರ್ಥವಾಯಿತು. ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ, ತಿಂದದ್ದೆಷ್ಟು, ಅವರ ವಯಸ್ಸೆಷ್ಟು, ಯಾವ ಮಾತ್ರೆ ನುಂಗುತ್ತಾರೆ ಎಂದೆಲ್ಲ ಹೇಳಿ, ಕೇಂದ್ರದವರು ಹೇಳಿದಂತೆ ಆಸ್ಪತ್ರೆಗೆ ಕರೆದೊಯ್ದೆವು. ಬೆಳಗಾಗುವವರೆಗೆ ಅಲ್ಲಿದ್ದೆವು. ಮಾವನವರು ಮಧ್ಯಾಹ್ನ ಎದ್ದು ಕಾಫಿ ಕೇಳಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಊರಿಗೆ ಹೋಗುವವರೆಗೆ ತುಪ್ಪ ಮಾತ್ರ ಮುಟ್ಟಲಿಲ್ಲ.

ಅಂದಿನಿಂದ ನನ್ನ ಮನೆಯಲ್ಲಿ ಇದಕ್ಕೆಂದೇ ಹೊಸ ನೀಲಿ ಬಾಟಲಿ, ಬೀಗ ಇರುವ ಪೆಟ್ಟಿಗೆ. ಬಾಟಲಿಯ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಗಾಂಜಾ ಎಂಬ ಹೆಸರು, ಚಮಚಕ್ಕೆ ಎಷ್ಟು ಮಿಲಿಗ್ರಾಂ, ಮಾಡಿದ ತಾರೀಕು. ಮಕ್ಕಳ ವಿಷಯದಲ್ಲಂತೂ ರಿಯಾಯಿತಿಯೇ ಇಲ್ಲ. ತಿನಿಸುಗಳು ಅಂಗಡಿಗೆ ಬಂದ ಮೇಲೆ ಗಾಂಜಾ ತಿಂದು ಆಸ್ಪತ್ರೆ ಸೇರಿದ ಪುಟ್ಟ ಮಕ್ಕಳ ಸಂಖ್ಯೆ ಈ ದೇಶದಲ್ಲಿ ಏರಿದೆ. ಮಗು ತಿಂದಿದೆ ಎಂಬ ಅನುಮಾನ ಬಂದರೂ ಸಾಕು, ವಿಷ ಮಾಹಿತಿ ಕೇಂದ್ರದ 1-844-764-7669ಕ್ಕೆ ಫೋನ್ ಮಾಡಿ. ಮಗು ತೂಕಡಿಸುತ್ತಿದ್ದರೆ, ಉಸಿರು ನಿಧಾನವಾದರೆ 911. ಮುಚ್ಚಿಡಬೇಡಿ, ನಾಚಿಕೆ ಆಮೇಲೆ ಪಡಬಹುದು.

ಇದೇ ಕಾರಣಕ್ಕೆ ನಾನು ಸಿಹಿ ಮಾಡುವುದಿಲ್ಲ. ರವೆ ಉಂಡೆ, ಕೇಕು, ಬರ್ಫಿ ಕಲಿಸಿ ಎಂದು ಕೇಳುತ್ತಾರೆ. ಲೆಕ್ಕ ಸುಲಭವೇ: ಹನ್ನೆರಡು ಉಂಡೆಗೆ ತಲಾ 2 ಮಿಲಿಗ್ರಾಂ ಎಂದರೆ 24, ಚಮಚಕ್ಕೆ 4 ಮಿಲಿಗ್ರಾಂ ಹದದ ತುಪ್ಪ ಆರು ಚಮಚ. ಆದರೆ ಕಲಸುವಾಗ ಒಂದು ಉಂಡೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಉಂಡೆ ನೋಡಿದ ಮಗು ಕೇಳದೆ ತಿನ್ನುತ್ತದೆ. ನನ್ನದು ಚಟ್ನಿಪುಡಿಯ ಪಕ್ಷ. ತಟ್ಟೆಯ ಅಂಚಿಗೆ ಶೇಂಗಾ ಚಟ್ನಿಪುಡಿ, ನಡುವೆ ಗುಂಡಿ ಮಾಡಿ ಅಳೆದ ಅರ್ಧ ಚಮಚ ಎಣ್ಣೆ, ಕಲಸಿಕೊಂಡು ದೋಸೆಗೆ ಹಚ್ಚಿ ತಿಂದರೆ ಮುಗಿಯಿತು. ಶೇಂಗಾ, ಬೆಳ್ಳುಳ್ಳಿ, ಬೆಲ್ಲ ಈ ಎಣ್ಣೆಯ ಹುಲ್ಲುಗಹಿಯನ್ನು ಚೆನ್ನಾಗಿ ಮರೆಮಾಡುತ್ತವೆ. ಬಿಸಿಬೇಳೆ ಬಾತಿಗೂ ಆಗುತ್ತದೆ, ಆದರೆ ನಿಮ್ಮ ತಟ್ಟೆಗೆ ಮಾತ್ರ, ಪಾತ್ರೆಗೆ ಅಲ್ಲ. ಯಾರಿಗೂ ಹೇಳದೆ ಬಡಿಸುವುದು ತಮಾಷೆಯಲ್ಲ.

ಮತ್ತೆ, ಒಗ್ಗರಣೆಗೆ ಇದನ್ನು ಬಳಸಬೇಡಿ. ಕೈ ತಾನಾಗಿ ಒಗ್ಗರಣೆ ಸೌಟಿನ ಕಡೆ ಹೋಗುತ್ತದೆ, ಗೊತ್ತು. ಸಾಸಿವೆ ಸಿಡಿಯುವ ಬಿಸಿಗೆ ಟಿಎಚ್‌ಸಿ ಆವಿಯಾಗಿ, ಒಡೆದು ಹಾಳಾಗುತ್ತದೆ. ಎಷ್ಟು ಉಳಿಯಿತು ಎಂಬ ಲೆಕ್ಕವೂ ಅದರ ಜೊತೆಗೇ ಹೋಗುತ್ತದೆ. ತುಪ್ಪ ಹಾಕಿಕೊಳ್ಳುವಂತೆ ಕೊನೆಗೆ, ಮೇಲೆ.

ತಿಂದ ಮೇಲೆ ಕಾಯಿರಿ. ಹೊಟ್ಟೆಯಿಂದ ಯಕೃತ್ತಿಗೆ ಹೋದ ಟಿಎಚ್‌ಸಿ ಅಲ್ಲಿ 11-ಹೈಡ್ರಾಕ್ಸಿ-ಟಿಎಚ್‌ಸಿ ಆಗಿ ಬದಲಾಗುತ್ತದೆ. ಮಿದುಳಿಗೆ ಇದು ಇನ್ನೂ ಸುಲಭವಾಗಿ ತಲುಪುತ್ತದೆ. ಸೇದಿದರೆ ನಿಮಿಷಗಳಲ್ಲಿ ತಿಳಿಯುವುದು ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ, ಶಿಖರಕ್ಕೆ ನಾಲ್ಕು ಗಂಟೆಯೂ ಆಗಬಹುದು, ಇಳಿಯಲು ಹನ್ನೆರಡು. ಮೊದಲ ದಿನ ಇನ್ನೊಂದು ಅರ್ಧ ಚಮಚ ಎಂಬುದೇ ಇಲ್ಲ. ಅಂದು ಕಾರಿನ ಕೀಲಿ ಬೇರೆಯವರ ಕೈಗೆ ಕೊಡಿ, ಬಿಯರ್ ಬದಿಗಿಡಿ. ಗರ್ಭಿಣಿಯರು, ಹಾಲುಣಿಸುವವರು, ಮನೋರೋಗದ ಇತಿಹಾಸ ಇರುವ ಮನೆತನದವರು ಈ ಪಾಠಕ್ಕೆ ಬರುವುದೇ ಬೇಡ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಅಥವಾ ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಮೊದಲು ತಮ್ಮ ಫಾರ್ಮಸಿಸ್ಟನ್ನು ಕೇಳಿ. ಮಂಡಿನೋವಿಗೆ ಒಳ್ಳೆಯದಂತೆ ಎಂದು ಬರುವ ಹಿರಿಯರಿಗೂ ನನ್ನ ಉತ್ತರ ಅದೇ. ನಾನು ಅಡುಗೆ ಕಲಿಸುವವಳು, ಮದ್ದು ಕೊಡುವವಳಲ್ಲ.

ಸೋಸಿದ ಬಟ್ಟೆಯಲ್ಲಿ ಉಳಿದ ಗಸಿಯಲ್ಲೂ ಸತ್ವ ಇರುತ್ತದೆ. ನಾಯಿ ಇರುವ ಮನೆಯಲ್ಲಿ ಅದನ್ನು ತೆರೆದ ಬುಟ್ಟಿಗೆ ಹಾಕಬೇಡಿ, ನಾಯಿಗಳಿಗೆ ಇದು ಮನುಷ್ಯರಿಗಿಂತ ಕೆಟ್ಟದ್ದು. ಕಾಫಿ ಚರಟದೊಂದಿಗೆ ಬೆರೆಸಿ, ಕಟ್ಟಿ, ಮುಚ್ಚಳ ಇರುವ ಡಬ್ಬಿಗೆ ಹಾಕಿ. ಚಮಚ, ಬಟ್ಟಲನ್ನು ಬಿಸಿನೀರು, ಸೋಪಿನಲ್ಲಿ ಎರಡು ಸಲ ತೊಳೆಯಿರಿ.

ಮುಂದಿನ ಶನಿವಾರ ಬರುವವರು ತಕ್ಕಡಿ ತರಬೇಕಿಲ್ಲ, ನನ್ನ ಹತ್ತಿರ ಎರಡಿವೆ. ಹೊಸ ಬಾಟಲಿ ತನ್ನಿ. ತುಪ್ಪದ್ದು ಬೇಡ.